ಒದ್ದೆ ಗೋಡೆಯ ಹಿಂದೆ 22 ತಿಂಗಳು: ನಾವಿಬ್ಬರೇ ಮನೆ ರಿಪೇರಿ ಮಾಡಿಕೊಂಡ ಒಂದು ಪ್ರಕರಣ

ನಾವು ಕೊಂಡ ಮನೆ ಹಳೆಯದು. ಇಟ್ಟಿಗೆ ಗೋಡೆ, ಮೇಲೊಂದು ಮಹಡಿ, ಹಿಂದೆ ಸಣ್ಣ ಅಂಗಳ. ನಾನೂ ನನ್ನ ಗಂಡನೂ ಸೇರಿ ಅದನ್ನು ನಾವೇ ರಿಪೇರಿ ಮಾಡಿಕೊಂಡೆವು. ಬಾಗಿಲು, ಬಚ್ಚಲು, ಕಪಾಟು, ಬಣ್ಣ ಎಲ್ಲಕ್ಕೂ ಕೈ ಹಾಕಿದ್ದೇವೆ. ಆದರೆ ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಒಂದೇ ಗೋಡೆಯ ಬಗ್ಗೆ. ಹಾಲ್‌ನ ಹಿಂದಿನ ಗೋಡೆ. ಅದನ್ನು ಎರಡು ಸಲ ಕೆಡಿಸಿದೆವು, ಮೂರನೇ ಸಲ ಸರಿ ಮಾಡಿದೆವು. ಹಳೆ ಮನೆಗೆ ಕೈ ಹಾಕುವ ಜೋಡಿಗಳು ಜಾಸ್ತಿ ಎಡವುವುದು ಇಂಥ ಜಾಗದಲ್ಲೇ ಅಂತ ನನಗೆ ಈಗ ಅನಿಸುತ್ತದೆ.

ಗೋಡೆಯ ದಪ್ಪ 23 ಸೆಂಟಿಮೀಟರ್. ಅದರ ಒಂದು ತುದಿಗೆ ಬಚ್ಚಲುಮನೆ ಅಂಟಿಕೊಂಡಿದೆ. ಉಳಿದ ಭಾಗದ ಆಚೆಗೆ ಅಂಗಳ. ಮನೆ ನೋಡಲು ಬಂದಾಗಲೇ ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದವರೆಗೆ ಬಣ್ಣ ಉಬ್ಬಿತ್ತು. ಬೆರಳಿನಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಳಗಿಂದ ಬಿಳಿ ಪುಡಿ ಉದುರುತ್ತಿತ್ತು. "ಬಣ್ಣ ಹಳೇದಾಗಿದೆ, ಕೆರೆದು ಹೊಡೆದರೆ ಆಯ್ತು" ಅಂದೆ. ಹೌದು, ಹಾಗೆ ಅಂದವಳು ನಾನೇ.

ಮೊದಲ ಎರಡು ಸಲ

ಮೊದಲ ತಿಂಗಳಲ್ಲೇ ಆ ಗೋಡೆ ಕೆರೆದೆವು. ಪುಟ್ಟಿ ಎಳೆದೆವು, ಪ್ರೈಮರ್ ಹೊಡೆದೆವು, ಮೇಲೆ ನೀರು ತಡೆಯುವ ಬಣ್ಣ ಎರಡು ಕೋಟ್ ಹೊಡೆದೆವು. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ರಾತ್ರಿ ಊಟ ಆದ ಮೇಲೆ ಇಬ್ಬರೂ ಸುಮ್ನೆ ಅದರ ಎದುರು ಕೂತು ನೋಡುತ್ತಿದ್ದೆವು. ನಾಲ್ಕು ತಿಂಗಳಿಗೆ ಬಣ್ಣದಲ್ಲಿ ಗುಳ್ಳೆ ಎದ್ದವು. ಒಂದು ಗುಳ್ಳೆಗೆ ಸೂಜಿ ಚುಚ್ಚಿದರೆ ನೀರು ಹನಿಯಿತು.

ಆಗಲಾದರೂ ನಿಂತು ಯೋಚಿಸಬೇಕಿತ್ತು. ಗುಳ್ಳೆಯಲ್ಲಿ ನೀರಿದೆ ಅಂದರೆ ಅದು ಹೊರಗೆ ಬರಲು ನೋಡುತ್ತಿದೆ, ನಮ್ಮ ಬಣ್ಣ ಅದನ್ನು ತಡೆದು ಹಿಡಿದಿದೆ ಅಂತ ತಾನೇ ಅರ್ಥ? ನಾವು ಓದಿಕೊಂಡದ್ದು ಬೇರೆ. ಇನ್ನೂ ಗಟ್ಟಿಯಾಗಿ ತಡೆಯಬೇಕು ಅಂದುಕೊಂಡೆವು. ಒಂದು ಮೀಟರ್ ಎತ್ತರದವರೆಗೆ ಹಳೇ ಗಾರೆ ಕಿತ್ತು, ನೀರು ತಡೆಯುವ ದ್ರಾವಣ ಬೆರೆಸಿದ ಸಿಮೆಂಟ್ ಗಾರೆ ಮೆತ್ತಿದೆವು. ಏಳು ದಿನ ತಪ್ಪದೆ ನೀರು ಹಾಕಿ ಕ್ಯೂರಿಂಗ್ ಮಾಡಿದೆವು. ಕೆಲಸದ ಅಚ್ಚುಕಟ್ಟಿಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಮೂರು ತಿಂಗಳಿಗೆ ಒದ್ದೆ ಮತ್ತೆ ಕಾಣಿಸಿತು. ಈ ಸಲ ಹೊಸ ಗಾರೆಯ ಮೇಲಂಚಿನಿಂದ ಇನ್ನೂ ಮೇಲಕ್ಕೆ, 120 ಸೆಂಟಿಮೀಟರ್ ಎತ್ತರದಲ್ಲಿ.

ಇದು ಯಾಕೆ ಹೀಗಾಯಿತು ಅಂತ ಹೇಳಲೇಬೇಕು. ಇಟ್ಟಿಗೆಯಲ್ಲೂ ಗಾರೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅವು ಬುಡದ ನೀರನ್ನು ಮೇಲಕ್ಕೆ ಹೀರುತ್ತವೆ. ಮೇಲೇರಿದ ನೀರು ಗೋಡೆಯ ಮೈಯಿಂದ ಗಾಳಿಗೆ ಆರಿಹೋಗುತ್ತದೆ. ಏರುವುದೂ ಆರುವುದೂ ಸರಿಸಮವಾಗುವ ಎತ್ತರದಲ್ಲಿ ಒದ್ದೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಒಂದು ಮೀಟರ್ ಆಸುಪಾಸು. ನಾವು ಆ ಒಂದು ಮೀಟರ್‌ಗೆ ನೀರು ಬಿಡದ ಗಾರೆ ಹೊದಿಸಿದೆವು. ಆರುವ ದಾರಿ ಮುಚ್ಚಿತು. ನೀರು ಆರಲು ಜಾಗ ಸಿಗುವವರೆಗೆ ಇನ್ನೂ ಮೇಲೆ ಏರಿತು.

ಬಿಳಿ ಪುಡಿಯೂ ಇದೇ ನೀರಿನದು. ಮಣ್ಣಿನ ಮತ್ತು ಇಟ್ಟಿಗೆಯ ಲವಣಗಳನ್ನು ಕರಗಿಸಿಕೊಂಡು ನೀರು ಮೇಲೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಹಿಗ್ಗುತ್ತದೆ, ಗಾರೆಯನ್ನು ಒಳಗಿಂದಲೇ ಹೊರಕ್ಕೆ ತಳ್ಳುತ್ತದೆ. ಗೋಡೆ ಬಡಿದರೆ ಕೇಳುವ ಪೊಳ್ಳು ಶಬ್ದ ಅದರದ್ದೇ.

ಹಳೆ ಮನೆಗಳಲ್ಲಿ ಇನ್ನೊಂದು ವಿಷಯವಿದೆ. ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟ್‌ಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಎಲ್ಲರ ಮನೆ ಕಟ್ಟುವ ಸಾಮಾನಾಗಲು ಅದಾದ ಮೇಲೂ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಸುಣ್ಣವೇ ಗತಿ. ಸುಣ್ಣದ ಗಾರೆಯ ಗೋಡೆ ತೇವ ಕುಡಿಯುತ್ತದೆ, ಮತ್ತೆ ಬಿಡುತ್ತದೆ. ಹೀಗೆ ಕುಡಿದು ಬಿಡುವುದರ ಮೇಲೇ ಅದು ಇಷ್ಟು ವರ್ಷ ನಿಂತಿರುತ್ತದೆ. ನಮ್ಮ ಗೋಡೆಯ ಸಂದುಗಳಲ್ಲೂ ಸುಣ್ಣವೇ ಇತ್ತು. ಸಿಮೆಂಟ್ ಕಿತ್ತಾಗ ಮೆತ್ತಗೆ, ಬೆಳ್ಳಗೆ ಕೈಗೆ ಬಂತು. ಮೊದಲ ದಿನವೇ ಒಂದು ಸಂದನ್ನು ಉಗುರಿನಿಂದ ಕೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ನಿಂತು ನೋಡಿದ್ದು

ಒಂಬತ್ತನೇ ತಿಂಗಳಲ್ಲಿ ನಾವು ಜೋರಾಗಿ ಜಗಳ ಆಡಿದೆವು. ಬಚ್ಚಲಿನ ಪೈಪ್ ಸೋರುತ್ತಿದೆ, ನೆಲ ಒಡೆಯೋಣ ಅಂತ ನಾನು. ಒಡೆದ ಮೇಲೆ ಅಲ್ಲಿ ಏನೂ ಸಿಗದಿದ್ದರೆ ಅಂತ ಇವರು. ಇಬ್ಬರಿಗೂ ಸುಸ್ತಾಗಿತ್ತು. ಇವರು ಕೊನೆಗೆ ಹೇಳಿದ್ದು ಇಷ್ಟೇ: "ನಾನು ಹೇಳಿದ್ದೂ ಬೇಡ, ನೀನು ಹೇಳಿದ್ದೂ ಬೇಡ. ಗೋಡೆನೇ ಕೇಳೋಣ."

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಅಲ್ಲಿಂದ. ಮುಂದಿನ ಆರು ವಾರ ಒಂದು ಉಳಿಯನ್ನೂ ಮುಟ್ಟಲಿಲ್ಲ. ಬರೀ ನೋಡಿದೆವು.

ಮೊದಲು ಪ್ಲಾಸ್ಟಿಕ್ ಹಾಳೆ. ಸುಮಾರು 30 ಸೆಂಟಿಮೀಟರ್ ಚೌಕದ ತುಂಡನ್ನು ಒದ್ದೆ ಜಾಗಕ್ಕೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಟ್ಟೆವು. ಹನಿ ಹಾಳೆಯ ಹೊರಮೈ ಮೇಲೆ, ಕೋಣೆಯ ಕಡೆ ಕೂತರೆ ಅದು ಗಾಳಿಯ ತೇವ. ಹಾಳೆಯ ಒಳಮೈ ಮೇಲೆ, ಗೋಡೆಯ ಕಡೆ ಕೂತರೆ ಅದು ಗೋಡೆಯೊಳಗಿಂದ ಬಂದದ್ದು. ನಮ್ಮದು ಒಳಮೈ ತುಂಬಾ ಹನಿ. ಕೋಣೆಗೆ ಗಾಳಿ ಸಾಲದು ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ನೀರಿನ ಮೀಟರ್. ರಾತ್ರಿ ಎಲ್ಲಾ ನಲ್ಲಿ ಮುಚ್ಚಿ ಅಂಕಿ ಬರೆದಿಟ್ಟೆವು. ಬೆಳಿಗ್ಗೆ ನೋಡಿದರೆ ಅದೇ ಅಂಕಿ. ಅಂದರೆ ಒಳಗೆ ಬರುವ ಪೈಪ್ ಸೋರುತ್ತಿಲ್ಲ. ಆದರೆ ಹೊರಗೆ ಹೋಗುವ ಪೈಪ್ ಸೋರಿದರೆ ಮೀಟರ್‌ಗೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಹತ್ತು ದಿನ ಆ ಬಚ್ಚಲನ್ನು ಬಳಸದೆ ಮಹಡಿಯದ್ದನ್ನೇ ಬಳಸಿದೆವು.

ಇದರ ಜೊತೆಗೆ ಪೆನ್ಸಿಲ್ ಗೆರೆ. ಪ್ರತಿ ಭಾನುವಾರ, ಮತ್ತೆ ಪ್ರತಿ ಮಳೆ ಆದ ಮೂರನೇ ದಿನ, ಒದ್ದೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದೆವು. ಇದಕ್ಕಿಂತ ಸುಲಭದ ಕೆಲಸ ಇಲ್ಲ. ಇದರಷ್ಟು ನಮಗೆ ತಿಳಿಸಿಕೊಟ್ಟದ್ದೂ ಬೇರೆ ಯಾವುದೂ ಇಲ್ಲ. ಬಚ್ಚಲು ಬಳಸದ ಹತ್ತು ದಿನದಲ್ಲಿ ಗೆರೆ ಒಂದಿಷ್ಟೂ ಇಳಿಯಲಿಲ್ಲ. ಜೋರು ಮಳೆ ಬಂದಾಗಲೆಲ್ಲ ಎರಡು ಮೂರು ದಿನಕ್ಕೆ ಮೇಲೆ ಹೋಯಿತು. ಮಳೆ ಇಲ್ಲದ ವಾರಗಳಲ್ಲಿ ಸ್ವಲ್ಪ ಸ್ವಲ್ಪ ಇಳಿಯಿತು. ನನ್ನ ಮಾತಿನಂತೆ ಬಚ್ಚಲಿನ ನೆಲ ಒಡೆದಿದ್ದರೆ ಬಂಗಾರದಂಥ ನೆಲವನ್ನು ಸುಮ್ಮನೆ ಹಾಳು ಮಾಡುತ್ತಿದ್ದೆವು.

ಮುಂದಿನ ಮಳೆ ಬಂದಾಗ ಕೊಡೆ ಹಿಡಿದು ನಾನೇ ಅಂಗಳಕ್ಕೆ ಹೋದೆ. ತಾರಸಿಯಿಂದ ಇಳಿಯುವ ಪೈಪ್ ಗೋಡೆಯ ಬುಡದಲ್ಲೇ ಬಾಯಿ ತೆರೆದಿತ್ತು. ಅದರಿಂದ ಬಿದ್ದ ನೀರು ಅಂಗಳದ ಕಡೆ ಒಂದು ಮಾರು ಹರಿದು, ನಿಂತು, ನಿಧಾನವಾಗಿ ಮನೆಯ ಕಡೆಗೇ ವಾಪಸ್ ಬರುತ್ತಿತ್ತು. ಗೋಡೆಗೂ ನೆಲಹಾಸಿಗೂ ನಡುವೆ ಕೂದಲೆಳೆಯಷ್ಟು ಬಿರುಕು. ನೀರು ಅಲ್ಲಿ ಸದ್ದಿಲ್ಲದೆ ಇಳಿದುಹೋಗುತ್ತಿತ್ತು. "ರೀ, ಇಲ್ಲಿ ಬನ್ನಿ, ಬೇಗ ಬನ್ನಿ" ಅಂತ ಕೂಗಿದೆ. ಇವರು ಚಪ್ಪಲಿ ಕೂಡ ಹಾಕದೆ ಬಂದರು. ಇಬ್ಬರೂ ಬಗ್ಗಿ ಅದನ್ನೇ ನೋಡುತ್ತಾ ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ.

ಮಳೆ ನಿಂತ ಮೇಲೆ ಮಟ್ಟ ನೋಡಿದೆವು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಒಂದು ತುದಿ ಹಾಲ್‌ನಲ್ಲಿ, ಇನ್ನೊಂದು ತುದಿ ಅಂಗಳದಲ್ಲಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ಕೆಳಕ್ಕೆ ಅಳೆದರೆ ಆಯಿತು. ಅಂಗಳ ನಮ್ಮ ಹಾಲ್‌ನ ನೆಲಕ್ಕಿಂತ 6 ಸೆಂಟಿಮೀಟರ್ ಎತ್ತರದಲ್ಲಿತ್ತು. ದಿನಾ ಓಡಾಡುತ್ತಿದ್ದೆವು, ಯಾವತ್ತೂ ಗಮನಕ್ಕೆ ಬಂದಿರಲಿಲ್ಲ.

ಗೋಡೆಯ ಪಕ್ಕ ಒಂದು ಕಡೆ ಒಡೆದು ನೋಡಿದೆವು. ಮೇಲೆ ಟೈಲ್ಸ್ ಮತ್ತು ಅದರ ಹಾಸು. ಅದರ ಕೆಳಗೆ ಹಳೆಯ ಸಿಮೆಂಟ್ ನೆಲ. ಅದರ ಕೆಳಗೆ, 22 ಸೆಂಟಿಮೀಟರ್ ಆಳದಲ್ಲಿ, ಮೊದಲು ಮನೆ ಕಟ್ಟಿದವರು ಹಾಸಿದ ಕಲ್ಲುಚಪ್ಪಡಿ. ಅದು ಒಳನೆಲಕ್ಕಿಂತ 16 ಸೆಂಟಿಮೀಟರ್ ತಗ್ಗಿನಲ್ಲಿತ್ತು, ಹೆಚ್ಚುಕಡಿಮೆ ಇರಬೇಕಾದಷ್ಟು ತಗ್ಗು. ಹೊರಗಿನ ನೆಲ ಗೋಡೆಯ ತೇವತಡೆ ಪದರಕ್ಕಿಂತ (ಬುಡದ ನೀರು ಮೇಲೇರದಂತೆ ಇಟ್ಟಿಗೆಗಳ ನಡುವೆ ಹಾಕುವ ಪಟ್ಟಿ) ಕೆಳಗಿರಬೇಕು, ಸುಮಾರು 15 ಸೆಂಟಿಮೀಟರ್ ಇದ್ದರೆ ಒಳ್ಳೆಯದು ಅನ್ನುವುದು ಕಟ್ಟಡದವರ ವಾಡಿಕೆ. ನಮ್ಮ ಗೋಡೆಯಲ್ಲೂ ಡಾಂಬರಿನ ಕಪ್ಪು ಪಟ್ಟಿ ಇತ್ತು, ಒಳನೆಲಕ್ಕಿಂತ 3 ಸೆಂಟಿಮೀಟರ್ ಕೆಳಗೆ. ಇವರು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೊಳೆಯಿತು. ಕಟ್ಟಿದವರು ಎಲ್ಲಾ ಸರಿಯಾಗಿಯೇ ಮಾಡಿದ್ದರು. ಆಮೇಲೆ ಬಂದವರು ಹಳೇ ನೆಲ ಕೀಳದೆ ಅದರ ಮೇಲೇ ಹೊಸದು ಹಾಕುತ್ತಾ ಬಂದು ಆ ಪಟ್ಟಿಯನ್ನು 9 ಸೆಂಟಿಮೀಟರ್ ಹೂತುಬಿಟ್ಟಿದ್ದರು. ನೀರು ಆ ಪಟ್ಟಿಯನ್ನು ದಾಟಿಕೊಂಡು ಮೇಲಿನ ಇಟ್ಟಿಗೆಗೆ ಸೀದಾ ಹೋಗುತ್ತಿತ್ತು.

ಮೂರನೇ ಸಲ

ಗೋಡೆ ಸರಿ ಮಾಡುವ ಕೆಲಸ ಅಂಗಳದಲ್ಲಿ ಶುರುವಾಯಿತು. ಗೋಡೆಯ ಉದ್ದಕ್ಕೂ 60 ಸೆಂಟಿಮೀಟರ್ ಅಗಲ, ಹಳೆಯ ಚಪ್ಪಡಿ ಸಿಗುವವರೆಗೆ ಎಲ್ಲವನ್ನೂ ಕಿತ್ತೆವು. ಅದಕ್ಕಿಂತ ಕೆಳಗೆ ಹೋಗಲಿಲ್ಲ. ಪಾಯದ ಪಕ್ಕ ಮನಸ್ಸಿಗೆ ಬಂದಷ್ಟು ಅಗೆಯುವುದು ಅಪಾಯ, ಗೋಡೆಯೇ ಕೂರಬಹುದು. ಕೆಲಸ ಶುರು ಮಾಡುವ ಮೊದಲು ಒಬ್ಬ ಎಂಜಿನಿಯರ್‌ಗೆ ಜಾಗ ತೋರಿಸಿ ಕೇಳಿಕೊಂಡಿದ್ದೆವು. ಕಿತ್ತ ಜಾಗಕ್ಕೆ ರಂಧ್ರದ ಪೈಪ್ ಇಟ್ಟು ಜಲ್ಲಿ ತುಂಬಿದೆವು. ತಾರಸಿಯ ಪೈಪನ್ನು ಉದ್ದ ಮಾಡಿ ನೀರನ್ನು ಮೋರಿಗೇ ಬಿಟ್ಟೆವು. ಉಳಿದ ಅಂಗಳವನ್ನು ಮೀಟರ್‌ಗೆ 2 ಸೆಂಟಿಮೀಟರ್‌ನಂತೆ ಮನೆಯಿಂದ ಆಚೆಗೆ ಇಳಿಜಾರು ಮಾಡಿದೆವು. ಕೊನೆಗೆ ಒಂದು ಬಕೆಟ್ ನೀರು ಸುರಿದೆ. ಅದು ಮನೆಗೆ ಬೆನ್ನು ಮಾಡಿ ಹೋಯಿತು. ನನಗೆ ಕಣ್ಣು ತುಂಬಿ ಬಂತು.

ಒಳಗೆ ಸಿಮೆಂಟ್ ಗಾರೆ ಪೂರ್ತಿ ಕಿತ್ತೆವು, ಒದ್ದೆ ಇದ್ದ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ. ಇಟ್ಟಿಗೆ, ಗಾರೆಯ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಹಳೇ ಬಣ್ಣ ಕೆರೆಯುವವರು ಸೀಸದ ಬಗ್ಗೆಯೂ ಎಚ್ಚರ ವಹಿಸಬೇಕು. ಅಮೆರಿಕದಲ್ಲಿ ಮನೆ ಬಣ್ಣದಲ್ಲಿ ಸೀಸ ನಿಷೇಧವಾದದ್ದೇ 1978ರಲ್ಲಿ. ಅನುಮಾನ ಇದ್ದರೆ ಒಣಗಿದ ಬಣ್ಣವನ್ನು ಉಜ್ಜಿ ದೂಳೆಬ್ಬಿಸಬೇಡಿ, ಮೊದಲು ಪರೀಕ್ಷೆ ಮಾಡಿಸಿ. ಮಕ್ಕಳಿರುವ ಮನೆಯಲ್ಲಂತೂ ಖಂಡಿತ.

ಆಮೇಲೆ ಕಾಯುವುದು. ಇಟ್ಟಿಗೆ ಗೋಡೆ ಒಣಗಲು ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನುವ ಅಂದಾಜಿದೆ. ನಮ್ಮದು ಒಂಬತ್ತು ಇಂಚು. ಲೆಕ್ಕ ಹಾಕಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂಬತ್ತು ತಿಂಗಳು ಹಾಲ್‌ನಲ್ಲಿ ಬೋಳು ಇಟ್ಟಿಗೆ!

ಕೆಲಸದಲ್ಲಿ ಬರುವ ಸುಸ್ತಿಗಿಂತ ಈ ಕಾಯುವಿಕೆ ಕಷ್ಟ. ಮನೆಗೆ ಬಂದವರೆಲ್ಲ "ಇನ್ನೂ ಆಗಲಿಲ್ವಾ?" ಅನ್ನುತ್ತಿದ್ದರು. ಆರನೇ ತಿಂಗಳಿಗೆ ನನ್ನ ತಾಳ್ಮೆ ಮುಗಿಯಿತು. ಕೈ ಇಟ್ಟರೆ ಇಟ್ಟಿಗೆ ಒಣಗಿಯೇ ಇತ್ತು. ಗಾರೆ ಮಾಡಿಬಿಡೋಣ ಅಂದೆ. ಇವರು ವಾದ ಮಾಡಲಿಲ್ಲ. ಪ್ಲಾಸ್ಟಿಕ್ ಹಾಳೆ, ಟೇಪ್ ತಂದು ನನ್ನ ಕೈಗೇ ಕೊಟ್ಟರು. ಎರಡು ದಿನಕ್ಕೆ ಒಳಮೈ ಮೇಲೆ ಮಂಜು ಕೂತಿತ್ತು. ಮೈ ಒಣಗಿದೆ, ಒಳಗೆ ಇನ್ನೂ ಒದ್ದೆ. ನಾನೇ ಹಾಳೆ ಬಿಚ್ಚಿ ಮಡಚಿಟ್ಟೆ. ಮುಂದಿನ ಮೂರು ತಿಂಗಳು ಆ ಮಾತು ಎತ್ತಲಿಲ್ಲ.

ನಮ್ಮಿಬ್ಬರ ನಡುವೆ ಎರಡು ಕಟ್ಟುಪಾಡು ಹುಟ್ಟಿದ್ದು ಈ ಕಾಲದಲ್ಲಿ. ಒಡೆಯುವುದಕ್ಕೂ ಮುಚ್ಚುವುದಕ್ಕೂ ಇಬ್ಬರೂ ಒಪ್ಪಬೇಕು. ರಾತ್ರಿ ಊಟದ ನಂತರ ಮನೆಯ ವಿಷಯದಲ್ಲಿ ಯಾವ ತೀರ್ಮಾನವೂ ಇಲ್ಲ. ಬಚ್ಚಲಿನ ಟೈಲ್ಸ್ ಬಣ್ಣಕ್ಕೆ ನಾವು ಮಾತು ಬಿಟ್ಟದ್ದು ರಾತ್ರಿ ಹತ್ತು ಗಂಟೆಗೆ, ಹನ್ನೆರಡು ಗಂಟೆ ದುಡಿದ ಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಬಣ್ಣಕ್ಕೂ ಅಂಥ ವ್ಯತ್ಯಾಸವೇ ಇರಲಿಲ್ಲ.

ಕಾಯುವ ತಿಂಗಳುಗಳಲ್ಲಿ ಬೇರೆ ಕೆಲಸ ಸಾಗಿತು. ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆಯುವ ಆಸೆ ಇತ್ತು. ಮಹಡಿಯ ಭಾರ ಅದರ ಮೇಲಿದೆ ಅಂತ ಎಂಜಿನಿಯರ್ ಹೇಳಿದ ದಿನವೇ ಕೈಬಿಟ್ಟೆವು. ವೈರಿಂಗ್ ನಾವು ಮುಟ್ಟಲಿಲ್ಲ, ಲೈಸೆನ್ಸ್ ಇರುವವರಿಗೆ ಕೊಟ್ಟೆವು. 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಸ್ವಿಚ್ ಹಾಕಿಸಿಕೊಂಡೆವು. ಬಚ್ಚಲಿನ ನೆಲಕ್ಕೆ ಟೈಲ್ಸ್ ಬದಲಾಯಿಸಿದಾಗ, ವಾಟರ್‌ಪ್ರೂಫ್ ಪದರ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ನಿಲ್ಲಿಸಿ 24 ಗಂಟೆ ಬಿಟ್ಟು ನೋಡಿದೆವು. ಇಂಥದ್ದಕ್ಕೆಲ್ಲ ನಮಗೆ ಆಗ ರೂಢಿ ಬಂದಿತ್ತು.

ಕಪಾಟು ಮಾಡುವಾಗ ಒಂದು ವಿಚಿತ್ರ ನಡೆಯಿತು. ನಾನು ಅಳೆದರೆ ಒಂದು ಅಳತೆ, ಇವರು ಅಳೆದರೆ ಒಂದು ಮಿಲಿಮೀಟರ್ ಕಡಿಮೆ. ಹಲಗೆಗಳೆಲ್ಲ ಸಡಿಲ ಕೂತವು. ಎರಡು ದಿನ ಒಬ್ಬರನ್ನೊಬ್ಬರು ಅನುಮಾನಿಸಿದೆವು. ಕೊನೆಗೆ ಎರಡೂ ಟೇಪ್ ಪಕ್ಕಪಕ್ಕ ಇಟ್ಟು ನೋಡಿದರೆ, ಇವರ ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತಿರಲಿಲ್ಲ. ಸಡಿಲವಾಗಿದೆ ಅಂತ ಇವರೇ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದ್ದರು. ಆ ಕೊಕ್ಕೆ ಸಡಿಲ ಇರುವುದು ಬೇಕೆಂದೇ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ತನ್ನ ದಪ್ಪದಷ್ಟು ಮುಂದೆ ಬರುತ್ತದೆ, ಗೋಡೆಗೆ ಒತ್ತಿ ಒಳ ಅಳತೆ ತೆಗೆದಾಗ ಅಷ್ಟೇ ಹಿಂದೆ ಹೋಗುತ್ತದೆ. ಅವತ್ತಿನಿಂದ ಒಂದು ಕೆಲಸಕ್ಕೆ ಒಂದೇ ಟೇಪ್.

ಒಂಬತ್ತು ತಿಂಗಳಾದ ಮೇಲೆ ಹಾಳೆ ಒಣಗಿಯೇ ಬಂತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಿ, ಮೂರು ಪದರದಲ್ಲಿ ಗಾರೆ ಹಾಕಿದೆವು. ಒಂದು ಪದರ ಗಟ್ಟಿಯಾದ ಮೇಲೇ ಮುಂದಿನದು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ, ಅವಸರ ಮಾಡುವಂತಿಲ್ಲ. ಬೇಗ ಒಣಗಿದರೆ ಬಿರಿಯುತ್ತದೆ. ಅದಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ಹಸಿ ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ದೊಡ್ಡ ಅನಾಹುತ. ಕೈಗವಸು, ಕನ್ನಡಕ ಇಲ್ಲದೆ ಕರಣೆ ಹಿಡಿಯಬಾರದು. ಇವರು ಗಾರೆ ಎಸೆದು ಹರಡುವುದು, ನಾನು ಹಿಂದೆಯೇ ಮಟ್ಟಗೋಲು ಎಳೆಯುವುದು. ಆ ಕೆಲಸದಲ್ಲಿ ನಾವು ಮಾತಾಡಿದ್ದೇ ಕಡಿಮೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯದೆ ಸುಣ್ಣದ ಬಣ್ಣವನ್ನೇ ಹೊಡೆದೆವು, ಗೋಡೆ ಉಸಿರಾಡಲಿ ಅಂತ.

ಈಗ ಹೇಗಿದೆ

ಗಾರೆ ಮುಗಿದು ಮೂರು ಮಳೆಗಾಲ ಕಳೆದಿವೆ. ಗುಳ್ಳೆ ಇಲ್ಲ, ಪೊಳ್ಳು ಶಬ್ದ ಇಲ್ಲ. ಆದರೆ ಉಪ್ಪು ಒಂದೇ ಸಲಕ್ಕೆ ಹೋಗಲಿಲ್ಲ. ಅಷ್ಟು ವರ್ಷ ಇಟ್ಟಿಗೆಯಲ್ಲಿ ಕೂತ ಉಪ್ಪು, ಗೋಡೆ ಒಣಗುತ್ತಾ ಹೋದಂತೆ ಹೊರಗೆ ಬರುತ್ತದೆ. ಮೊದಲ ವರ್ಷ ನೆಲದಿಂದ ಒಂದು ಗೇಣು ಮೇಲೆ ಬಿಳಿ ಗೆರೆ ಕಂಡಾಗ ನನ್ನ ಎದೆ ಧಸಕ್ ಅಂದಿತು. ಹಾಳೆ ಅಂಟಿಸಿ ನೋಡಿದೆವು. ಒಣಗಿಯೇ ಇತ್ತು. ಹೊಸ ನೀರು ಬರುತ್ತಿಲ್ಲ, ಹಳೆಯ ಉಪ್ಪು ಹೋಗುತ್ತಿದೆ.

ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಕರಗಿ ಮತ್ತೆ ಒಳಗೇ ಹೋಗುತ್ತದೆ. ಕೆಳಗೆ ಹಳೇ ಪೇಪರ್ ಹಾಸಿ, ಒಣ ಬ್ರಷ್‌ನಿಂದ ಉದುರಿಸಿ, ಪೇಪರ್ ಮಡಚಿ ಹೊರಗೆ ಹಾಕುತ್ತೇವೆ. ಮೊದಲ ವರ್ಷ ಒಂದು ಹಿಡಿ ಬಂತು. ಎರಡನೇ ವರ್ಷ ಎರಡು ಚಮಚ. ಈ ವರ್ಷ ಇವರು ಬ್ರಷ್ ಆಡಿಸಿ ಪೇಪರನ್ನು ಬೆಳಕಿಗೆ ಹಿಡಿದು "ಬಾ, ನೋಡು" ಅಂದರು. ಹಾಳೆಯ ಮಡಿಕೆಯಲ್ಲಿ ಒಂದು ಚಿಟಿಕೆಯಷ್ಟು ಬಿಳಿ ಪುಡಿ ಇತ್ತು.